ಸಾಷ್ಟಿ ದ್ವೀಪದ ಠಾಣೆ ಕೋಟೆ: ಕಾವಲಿನಿಂದ ಸೆರೆಮನೆಗೆ

೧

ಧಾರವಾಡಕ್ಕೆ ಸಮೀಪವಿರುವ ನರೇಂದ್ರ ಗ್ರಾಮದ, ೧೧೨೫-೨೬ರ ಕಾಲಕ್ಕೆ ಸೇರಿದ ಕನ್ನಡ ಶಾಸನಗಳು ಗೋವೆಯ ಕದಂಬರ ವಂಶಾವಳಿಯನ್ನು ಹೇಳುವಾಗ ಚಟ್ಟಯ್ಯನೆಂಬ ಅರಸನ ಕಡಲ ಪಯಣಗಳನ್ನು ವಿಶೇಷವಾಗಿ ಕೊಂಡಾಡುತ್ತವೆ. ಇತಿಹಾಸದಲ್ಲಿ ಷಷ್ಠದೇವನೆಂದೂ ಪ್ರಸಿದ್ಧನಾದ ಈತ ಕವಡಿದ್ವೀಪವನ್ನು ಹಿಡಿದು, ಹಡಗುಗಳ ಸಾಲಿನಿಂದ ಲಂಕೆಯವರೆಗೆ ಸೇತುವೆ ಕಟ್ಟಿದನೆಂದು ಶಾಸನಕವಿ ವರ್ಣಿಸುತ್ತಾನೆ. ಅನಂತರ ಬರುವ ಸಂಗತಿ ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದುದು. ಠಾಣೆಯ ಮುಮ್ಮುರಿ ಎಂಬ ಅರಸನು ಕಡಲಮೇಲೆ ಬಂದ ಚಟ್ಟಯ್ಯನ ಪರಾಕ್ರಮವನ್ನು ಕೇಳಿ, ಅವನನ್ನು ಕಂಡು, ಅರಮನೆಗೆ ಕರೆದೊಯ್ದು ಆದರಿಸಿ, ತನ್ನ ಮಗಳನ್ನು ಧಾರೆಯೆರೆದುಕೊಟ್ಟು, ಅಳಿಯನಿಗೆ ಐದು ಲಕ್ಷ ಹೊನ್ನನ್ನು ಬಳುವಳಿಯಾಗಿ ಇತ್ತನು. ಈ ಮುಮ್ಮುರಿಯು ಉತ್ತರ ಕೊಂಕಣದ ಶಿಲಾಹಾರ ಅರಸನಾದ ಮುಮ್ಮುಣಿಯೆಂದೂ ಕವಡಿದ್ವೀಪವು ಇಂದಿನ ಸಾಷ್ಟಿಯ ಪ್ರದೇಶವೆಂದೂ ವಿದ್ವಾಂಸರು ಗುರುತಿಸಿದ್ದಾರೆ. ಕಲ್ಯಾಣಕ್ಕೆ ಸಮೀಪದ ಅಂಬರನಾಥ ದೇವಾಲಯದಲ್ಲಿರುವ ಶಕ ೯೮೨ರ, ಎಂದರೆ ೧೦೬೦ರ, ಶಾಸನವು ಇದೇ ಮುಮ್ಮುಣಿಯ ಕಾಲದ್ದಾಗಿದೆ.

ಕನ್ನಡ ಶಾಸನವೊಂದರಲ್ಲಿ ಠಾಣೆಯು ಹೀಗೆ ಕಡಲಿನಿಂದ ಬಂದವರನ್ನು ಎದುರುಗೊಳ್ಳುವ ಊರಾಗಿ ಕಾಣಿಸಿಕೊಳ್ಳುತ್ತದೆ. ಆರುನೂರು ವರ್ಷಗಳಿಗೂ ಹೆಚ್ಚು ಕಾಲದ ಮೇಲೆ, ೧೭೩೦ರ ದಶಕದಲ್ಲಿ, ಅದೇ ಊರಿನಲ್ಲಿ ನೀರಿನ ಕಡೆಯಿಂದ ಬರುವವರನ್ನು ತಡೆಯಲೆಂದು ಒಂದು ಕೋಟೆ ಎದ್ದಿತು. ಆ ಕೋಟೆಯ ಗೋಡೆಗಳು ಇಂದಿಗೂ ನಿಂತಿವೆ; ಆದರೆ ಅವುಗಳ ಒಳಗೆ ಇರುವುದು ಠಾಣೆಯ ಮಧ್ಯವರ್ತಿ ಕಾರಾಗೃಹ. ಈ ಲೇಖನದಲ್ಲಿ ನಾವು ಆ ಕೋಟೆಯ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸಿ, ಅದರ ಅವಶೇಷಗಳನ್ನು ಕನ್ನಡ ಸಂಶೋಧಕರು ಏಕೆ ಗಮನಿಸಬೇಕೆಂಬುದನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

೨

ಮೊದಲು ಸ್ಥಳದ ನಿಲವನ್ನು ತಿಳಿಯುವುದು ಅವಶ್ಯಕ. ಮುಂಬಯಿ ನಗರದ ಉತ್ತರಕ್ಕಿರುವ ಸಾಷ್ಟಿಯು ಮೂಲತಃ ಒಂದು ದ್ವೀಪ. ಅದರ ಪಶ್ಚಿಮಕ್ಕೆ ಅರಬ್ಬೀ ಸಮುದ್ರ, ಉತ್ತರಕ್ಕೆ ವಸಯಿಯ ಖಾಡಿ, ಪೂರ್ವಕ್ಕೆ ಠಾಣೆಯ ಖಾಡಿ. ಖಾಡಿ ಎಂಬ ಮರಾಠಿ ಪದವು ಸಮುದ್ರದ ಉಬ್ಬರವಿಳಿತಗಳಿಗೆ ಒಳಪಟ್ಟ ಕಿರಿಯ ಜಲಮಾರ್ಗವನ್ನು ಸೂಚಿಸುತ್ತದೆ. ನಮ್ಮ ಕರಾವಳಿಯ ಅಳಿವೆ, ಹಿನ್ನೀರುಗಳಿಗೆ ಇದು ಹತ್ತಿರವಾದ ಪದ. ಠಾಣೆಯ ಖಾಡಿಯು ದಕ್ಷಿಣದಲ್ಲಿ ಮುಂಬಯಿ ಬಂದರಿಗೂ ಉತ್ತರದಲ್ಲಿ ಉಲ್ಹಾಸ ನದಿಯ ಅಳಿವೆಗೂ ಕೂಡಿಕೊಂಡಿದೆ. ಠಾಣೆ ಊರಿನ ಬಳಿ ಈ ನೀರು ಬಹಳ ಕಿರಿದಾಗುತ್ತದೆ. ಎದುರು ದಡದಲ್ಲಿ ಕಳವೆ ಗ್ರಾಮ, ಅದರ ಹಿಂದೆ ಪಾರಸಿಕದ ಬೆಟ್ಟಸಾಲು. ಹೀಗಾಗಿ ಘಟ್ಟದ ಕಡೆಯಿಂದ ದ್ವೀಪವನ್ನು ಪ್ರವೇಶಿಸುವವರಿಗೂ, ಕಲ್ಯಾಣ ಭಿವಂಡಿಗಳಿಂದ ಮುಂಬಯಿಗೆ ದೋಣಿಯಲ್ಲಿ ಹೋಗುವವರಿಗೂ ಠಾಣೆಯೇ ಬಾಗಿಲು.

ಠಾಣೆ ರೈಲುನಿಲ್ದಾಣದ ಪೂರ್ವಕ್ಕಿರುವ ಕೋಪರಿಯಿಂದ ನೋಡಿದರೆ ಈ ಭೂಸ್ಥಿತಿ ಇಂದಿಗೂ ಸ್ಪಷ್ಟವಾಗುತ್ತದೆ. ಕೋಪರಿ ಮತ್ತು ಅದಕ್ಕೆ ಹೊಂದಿದ ಚೆಂದಣಿ ಕೋಳಿವಾಡ, ಮೀಠಬಂದರುಗಳು ಖಾಡಿಯ ಅಂಚಿನ ವಸತಿಗಳು. ಕೋಳಿವಾಡವೆಂದರೆ ಮೀನುಗಾರ ಕೋಳಿಗಳ ಕೇರಿ. ಮೀಠಬಂದರು ಉಪ್ಪಿನ ಬಂದರು. ಹಿಂದಿನ ಜಲವ್ಯವಹಾರದ ನೆನಪನ್ನು ಈ ಹೆಸರುಗಳು ಉಳಿಸಿಕೊಂಡಿವೆ. ಕೋಪರಿಯಿಂದ ಹೊರಟು ಮೀಠಬಂದರಿನ ದಡವನ್ನು ನೋಡಿ, ರೈಲುಹಾದಿಯನ್ನು ದಾಟಿ ನಾವು ಕೋಟೆಯ ಕಡೆಗೆ ನಡೆದೆವು. ದೂರ ಹೆಚ್ಚಿಲ್ಲ. ಆದರೆ ನೀರಿಗೂ ಕೋಟೆಗೂ ಇದ್ದ ಸಂಬಂಧವು ಈಗ ಮನೆ, ರಸ್ತೆ, ರೈಲುಗಳ ನಡುವೆ ಮರೆಯಾಗಿದೆ. ಕೋಟೆಯನ್ನು ಕಂಡವನಿಗೆ ಖಾಡಿ ಕಾಣುವುದಿಲ್ಲ. ಖಾಡಿಯ ದಡದಲ್ಲಿ ನಿಂತವನಿಗೆ ಅಲ್ಲೊಂದು ಕೋಟೆಯಿದೆಯೆಂಬುದು ಹೊಳೆಯುವುದಿಲ್ಲ.

೩

ಕೋಟೆಗಿಂತ ಮೊದಲಿನ ಠಾಣೆಯ ವಿಷಯವಾಗಿ ಕನ್ನಡ ಓದುಗರು ತಿಳಿಯಬೇಕಾದ ಎರಡು ಸಂಗತಿಗಳಿವೆ.

ಒಂದು, ಸಾಷ್ಟಿ ದ್ವೀಪವು ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿದ್ದುದು. ದ್ವೀಪದ ಮಧ್ಯದಲ್ಲಿರುವ ಕಾನ್ಹೇರಿಯ ಬೌದ್ಧ ಗುಹೆಗಳಲ್ಲಿ ಒಂಬತ್ತನೆಯ ಶತಮಾನದ ಮೂರು ಶಾಸನಗಳು ಅಮೋಘವರ್ಷನನ್ನು ಸಾರ್ವಭೌಮನೆಂದೂ ಶಿಲಾಹಾರ ಪುಲ್ಲಶಕ್ತಿ ಮತ್ತು ಕಪರ್ದಿಗಳನ್ನು ಅವನ ಅಧೀನರಾದ ಕೊಂಕಣದ ಅಧಿಪತಿಗಳೆಂದೂ ಹೇಳುತ್ತವೆ. ‘ಕವಿರಾಜಮಾರ್ಗ’ವು ರೂಪುಗೊಂಡ ಆಸ್ಥಾನದ ಒಡೆಯನಾದ ನೃಪತುಂಗನೇ ಈ ಅಮೋಘವರ್ಷ. ಕಾವೇರಿಯಿಂದ ಗೋದಾವರಿಯವರೆಗಿನ ಕನ್ನಡನಾಡಿನ ಎಲ್ಲೆಯನ್ನು ಕುರಿತು ನಾವು ಮತ್ತೆ ಮತ್ತೆ ಚರ್ಚಿಸುತ್ತೇವೆ. ಅದೇ ಕಾಲದಲ್ಲಿ ಮಳಖೇಡದ ಅಧಿಕಾರವು ಈ ದ್ವೀಪವನ್ನೂ ಮುಟ್ಟಿತ್ತೆಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಇದರಿಂದ ದ್ವೀಪದ ಜನಭಾಷೆ ಕನ್ನಡವಾಗಿತ್ತೆಂದು ಹೇಳಲು ಬಾರದು. ಕಾನ್ಹೇರಿಯ ಈ ಶಾಸನಗಳು ಸಂಸ್ಕೃತದಲ್ಲಿವೆ. ರಾಜಕೀಯ ಸಂಬಂಧವನ್ನು ಭಾಷೆಯ ಹಕ್ಕಾಗಿ ಮಾರ್ಪಡಿಸುವುದು ಸಂಶೋಧನೆಗೆ ಸಲ್ಲದ ಮಾರ್ಗ.

ಎರಡನೆಯ ಸಂಗತಿ ನೇರವಾಗಿ ಕೋಟೆಯ ನೆಲಕ್ಕೇ ಸಂಬಂಧಿಸಿದೆ. ೧೭೮೭ರಲ್ಲಿ, ಇಂಗ್ಲಿಷರ ಅಧೀನದಲ್ಲಿದ್ದ ಠಾಣೆ ಕೋಟೆಯಲ್ಲಿ ಕಟ್ಟಡದ ಕೆಲಸಕ್ಕಾಗಿ ನೆಲವನ್ನು ಅಗೆಯುತ್ತಿದ್ದಾಗ ತಾಮ್ರಪಟಗಳು ದೊರೆತವು. ಅವು ಶಿಲಾಹಾರ ಅರಿಕೇಸರಿಯ ಶಕ ೯೩೯ರ, ಎಂದರೆ ೧೦೧೭ರ, ದಾನಶಾಸನ. ಜನರಲ್ ಕಾರ್ನಾಕ್ ಇದನ್ನು ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಗೆ ಒದಗಿಸಿದನು. ‘ಏಷ್ಯಾಟಿಕ್ ರಿಸರ್ಚಸ್’ನ ಮೊದಲ ಸಂಪುಟದಲ್ಲಿಯೇ ಅದರ ಅನುವಾದ ಬೆಳಕು ಕಂಡಿತು. ಭಾರತೀಯ ಶಾಸನಾಧ್ಯಯನದ ಬಾಲ್ಯದಲ್ಲಿ ಪ್ರಕಟವಾದ ಶಾಸನಗಳಲ್ಲಿ ಒಂದು ಹೀಗೆ ಈ ಕೋಟೆಯ ನೆಲದಿಂದಲೇ ಬಂದಿತೆಂಬುದು ಗಮನಾರ್ಹ. ಮುಮ್ಮುಣಿಯು ಇದೇ ಅರಿಕೇಸರಿಯ ವಂಶದವನು. ಶಿಲಾಹಾರರ ಸ್ಥಾನಕ, ನರೇಂದ್ರ ಶಾಸನದ ಠಾಣೆ, ಪೋರ್ಚುಗೀಸರ ಕೋಟೆ ಇವು ಬೇರೆ ಬೇರೆ ಕಾಲಗಳಿಗೆ ಸೇರಿದ್ದರೂ ಒಂದೇ ನೆಲದ ಪದರಗಳು.

೪

೧೫೩೪ರ ಡಿಸೆಂಬರಿನಲ್ಲಿ ಗುಜರಾತಿನ ಸುಲ್ತಾನ ಬಹಾದೂರ್ ಷಾ ವಸಯಿಯನ್ನು ಅದರ ಅಧೀನದ ದ್ವೀಪಗಳೊಂದಿಗೆ ಪೋರ್ಚುಗೀಸರಿಗೆ ಬಿಟ್ಟುಕೊಟ್ಟನು. ವಸಯಿಯು ಅವರ ಉತ್ತರ ಪ್ರಾಂತದ ರಾಜಧಾನಿಯಾಯಿತು. ಸಾಷ್ಟಿ ಅದರ ಉಗ್ರಾಣವಾಯಿತು. ಆದರೆ ಮುಂದಿನ ಎರಡು ಶತಮಾನಗಳ ಕಾಲ ಠಾಣೆಯಲ್ಲಿ ದೊಡ್ಡ ಕೋಟೆಯನ್ನು ಕಟ್ಟುವ ಅಗತ್ಯ ಅವರಿಗೆ ತೋರಲಿಲ್ಲ. ಅವರ ದೃಷ್ಟಿ ಕಡಲಿನ ಕಡೆಗಿತ್ತು; ಶತ್ರು ಅಲ್ಲಿಂದಲೇ ಬರುವನೆಂದು ಎಣಿಸಿದ್ದರು. ಖಾಡಿಯ ಬದಿಗೆ ಸಣ್ಣ ಕಾವಲುಗೋಪುರಗಳು ಸಾಕೆನಿಸಿದ್ದವು.

ಈ ಎಣಿಕೆಯನ್ನು ಎರಡು ಬೆಳವಣಿಗೆಗಳು ತಲೆಕೆಳಗು ಮಾಡಿದವು. ೧೬೬೧ರ ವಿವಾಹಸಂಧಿಯಂತೆ ಮುಂಬಯಿ ಇಂಗ್ಲೆಂಡಿನ ರಾಜನಿಗೆ ಸಂದಿತು. ಅದನ್ನು ವಶಕ್ಕೆ ಪಡೆಯಲು ಬಂದ ಸರ್ ಅಬ್ರಹಾಂ ಷಿಪ್‌ಮನ್‌ನ ಪಡೆಗೆ ಪೋರ್ಚುಗೀಸ್ ಅಧಿಕಾರಿಗಳು ಒಡನೆ ಎಡೆಗೊಡದಿದ್ದುದರಿಂದ, ಆ ಪಡೆ ಕಾರವಾರದ ಎದುರಿನ ಅಂಜದೀವಿ ದ್ವೀಪದಲ್ಲಿ ಕಾಯಬೇಕಾಯಿತು. ಷಿಪ್‌ಮನ್ ೧೬೬೪ರಲ್ಲಿ ಅಲ್ಲಿಯೇ ತೀರಿಕೊಂಡನು; ಅವನ ಸೈನಿಕರಲ್ಲಿ ಹೆಚ್ಚಿನವರು ರೋಗಕ್ಕೆ ತುತ್ತಾದರು. ಅಳಿದುಳಿದವರು ೧೬೬೫ರಲ್ಲಿ ಮುಂಬಯಿಯನ್ನು ಪಡೆದರು. ಇಂಗ್ಲಿಷರ ಮುಂಬಯಿಯ ಮೊದಲ ಅಧ್ಯಾಯ ಹೀಗೆ ಕನ್ನಡ ಕರಾವಳಿಯ ಎದುರಿನ ದ್ವೀಪವೊಂದರ ಮೇಲೆ ನಡೆದಿದೆ. ಅಂದಿನಿಂದ ಠಾಣೆಯ ಖಾಡಿ ಎರಡು ಯುರೋಪಿಯನ್ ಅಧಿಕಾರಗಳ ನಡುವಿನ ವ್ಯಾಜ್ಯದ ನೀರಾಯಿತು. ಮುಂಬಯಿಯಿಂದ ಒಳನಾಡಿಗೆ ಹೋಗುವ ದೋಣಿಗಳ ಮೇಲೆ ಪೋರ್ಚುಗೀಸರು ಠಾಣೆಯಲ್ಲಿ ಸುಂಕ ಹಾಕುತ್ತಿದ್ದುದನ್ನು ಇಂಗ್ಲಿಷರು ನಿರಂತರವಾಗಿ ಆಕ್ಷೇಪಿಸಿದರು.

ಎರಡನೆಯದು ಮರಾಠರ ಏಳಿಗೆ. ೧೬೫೭ರಲ್ಲಿ ಶಿವಾಜಿ ಕಲ್ಯಾಣ ಭಿವಂಡಿಗಳನ್ನು ಹಿಡಿದು ಅಲ್ಲಿಯ ಖಾಡಿಯಲ್ಲಿ ನೌಕೆಗಳನ್ನು ಕಟ್ಟಿಸತೊಡಗಿದುದು ಇದರ ಆರಂಭ. ಹದಿನೆಂಟನೆಯ ಶತಮಾನದ ಮೊದಲ ಪಾದದಲ್ಲಿ ಕಲ್ಯಾಣವು ಪೇಶ್ವೆಯ ಅಧಿಕಾರಿಗಳ ವಶವಾಯಿತು. ೧೭೩೦-೩೧ರಲ್ಲಿ ಮರಾಠಾ ದಂಡು ಖಾಡಿಯ ಅಂಚಿನವರೆಗೆ ಬಂದು ಸಾಷ್ಟಿಯನ್ನು ಬೆದರಿಸಿತು. ಶತ್ರು ಕಡಲಿನಿಂದಲ್ಲ, ಘಟ್ಟದ ಕಡೆಯಿಂದ, ಕಿರಿಯ ಖಾಡಿಯನ್ನು ದಾಟಿ ಬರುವನೆಂಬುದು ಆಗ ಪೋರ್ಚುಗೀಸರಿಗೆ ಮನವರಿಕೆಯಾಯಿತು. ಸಾಂದೊಮಿಲ್‌ನ ಕೌಂಟ್ ವೈಸರಾಯ್ ಆಗಿದ್ದ ಕಾಲದಲ್ಲಿ, ಯುರೋಪಿನ ಅಂದಿನ ದುರ್ಗವಿಜ್ಞಾನದ ಮಾದರಿಯಲ್ಲಿ, ಐದು ಮೂಲೆಗಳಲ್ಲಿ ಐದು ಕೊತ್ತಳಗಳುಳ್ಳ ಕೋಟೆಯ ನಿರ್ಮಾಣ ಠಾಣೆಯಲ್ಲಿ ನಡೆಯಿತು.

ಇಂಥ ಕೋಟೆಯ ತತ್ತ್ವವನ್ನು ಸಂಕ್ಷೇಪವಾಗಿ ಹೇಳಬಹುದು. ನಮ್ಮ ನಾಡಿನ ಹಳೆಯ ಕೋಟೆಗಳಲ್ಲಿ ಗೋಡೆಯ ಎತ್ತರ ಮತ್ತು ಬೆಟ್ಟದ ದುರ್ಗಮತೆಗಳು ರಕ್ಷಣೆಯ ಆಧಾರ. ಸಮತಟ್ಟಾದ ನೆಲದಲ್ಲಿ ಫಿರಂಗಿಯ ಏಟನ್ನು ತಡೆಯಬೇಕಾದ ಕೋಟೆಗೆ ಎತ್ತರವೇ ಅಪಾಯ. ಆದುದರಿಂದ ಗೋಡೆ ತಗ್ಗಾಗಿಯೂ ದಪ್ಪವಾಗಿಯೂ ಇರುತ್ತದೆ, ಬಾಣದ ಮೊನೆಯಂತೆ ಮುಂಚಾಚಿದ ಕೊತ್ತಳಗಳು ಒಂದು ಇನ್ನೊಂದರ ಬದಿಯನ್ನು ಕಾಯುತ್ತವೆ, ಸುತ್ತಲೂ ಕಂದಕವಿರುತ್ತದೆ. ಒಂದು ಕೊತ್ತಳ ಅಪೂರ್ಣವಾಗಿದ್ದರೂ ಅದರ ನೆರೆಯ ಗೋಡೆಗಳು ಕಾವಲಿಲ್ಲದವಾಗುತ್ತವೆ. ಇಂಥ ಕೋಟೆ ಪೂರ್ಣಗೊಂಡಾಗ ಬಲವಾದುದು. ಅರ್ಧವಾಗಿದ್ದಾಗ ಶತ್ರುವಿಗೆ ಅವಸರವನ್ನು ಹುಟ್ಟಿಸುವಂಥದು.

೫

ನಡೆದುದೂ ಹಾಗೆಯೇ. ಸಾಷ್ಟಿಯ ಜನರಲ್ಲಿ ಪೋರ್ಚುಗೀಸ್ ಆಳ್ವಿಕೆಯ ಧಾರ್ಮಿಕ ನಿರ್ಬಂಧಗಳ ವಿಷಯವಾಗಿ ಅಸಮಾಧಾನವು ಬಹುಕಾಲದಿಂದ ಬೆಳೆದಿತ್ತು. ಮಾಲಾಡದ ಅಂತಾಜಿ ರಘುನಾಥ, ಭಿವಂಡಿಯ ಸಮೀಪದ ಅಂಜೂರಿನ ಗಂಗಾಜಿ ನಾಯಕ ಮೊದಲಾದ ಸ್ಥಳೀಯ ಮುಖಂಡರು ಪೇಶ್ವೆ ಬಾಜೀರಾಯನ ಆಸ್ಥಾನದೊಂದಿಗೆ ಸಂಪರ್ಕ ಬೆಳೆಸಿದ್ದರು. ಮರಾಠಿಯ ‘ಸಾಷ್ಟೀಚಿ ಬಖರ್’ ಈ ಮುಖಂಡರ ಪಾತ್ರವನ್ನು ಎತ್ತಿ ಹೇಳುತ್ತದೆ. ಬಖರುಗಳು ಕುಟುಂಬಗಳ ಕೀರ್ತಿಗಾಗಿಯೂ ರಚಿತವಾಗುವ ಗ್ರಂಥಗಳಾದುದರಿಂದ ಅವುಗಳ ಹೇಳಿಕೆಗಳನ್ನು ಪೋರ್ಚುಗೀಸ್ ದಾಖಲೆಗಳೊಂದಿಗೆ ತಾಳೆನೋಡಿಯೇ ಸ್ವೀಕರಿಸಬೇಕು. ಆದರೆ ದ್ವೀಪದ ಒಳಗಿನವರ ನೆರವಿಲ್ಲದೆ ಖಾಡಿಯ ದಾರಿಗಳು, ಉಬ್ಬರವಿಳಿತಗಳ ಸಮಯ, ದೋಣಿಗಳು ದಂಡಿಗೆ ದೊರೆಯುತ್ತಿರಲಿಲ್ಲವೆಂಬುದು ಸ್ವತಃಸಿದ್ಧ. ಕೋಟೆ ಮುಗಿದರೆ ಸಾಷ್ಟಿಯ ಬಾಗಿಲು ಮುಚ್ಚಿಹೋಗುವುದೆಂಬ ಎಣಿಕೆ ಮರಾಠರ ಕಾಲನಿರ್ಣಯದಲ್ಲಿ ಮುಖ್ಯವಾಗಿತ್ತೆಂದು ನಾವು ಭಾವಿಸುತ್ತೇವೆ.

ಬಾಜೀರಾಯನ ತಮ್ಮ ಚಿಮಾಜಿ ಅಪ್ಪನ ನೇತೃತ್ವದಲ್ಲಿ, ಇಂಗ್ಲಿಷರು ಆಗ ಬಳಸುತ್ತಿದ್ದ ಹಳೆಯ ಪಂಚಾಂಗದಂತೆ ೧೭೩೭ರ ಮಾರ್ಚ್ ಕೊನೆಯಲ್ಲಿ, ಹೊಸ ಪಂಚಾಂಗದಂತೆ ಏಪ್ರಿಲ್ ಮೊದಲ ವಾರದಲ್ಲಿ, ಮರಾಠಾ ಪಡೆ ಕಳವೆಯ ಕಡೆಯಿಂದ ಖಾಡಿಯನ್ನು ದಾಟಿತು. ಗ್ರಂಥಗಳಲ್ಲಿ ಕಂಡುಬರುವ ತಾರೀಖುಗಳ ವ್ಯತ್ಯಾಸಕ್ಕೆ ಈ ಪಂಚಾಂಗಭೇದವೇ ಬಹುಮಟ್ಟಿಗೆ ಕಾರಣ; ಸಂಶೋಧಕರು ಇದನ್ನು ನೆನಪಿನಲ್ಲಿಡಬೇಕು. ಕೋಟೆಯ ಕೆಲಸ ಇನ್ನೂ ಮುಗಿದಿರಲಿಲ್ಲ. ಉತ್ತರ ಪ್ರಾಂತದ ಸೇನಾಧಿಪತಿ ಲೂಯಿಸ್ ಬೊತೆಲ್ಹೊ ಠಾಣೆಯನ್ನು ಬಿಟ್ಟು ಕರಂಜೆಯ ಕಡೆಗೆ ಸರಿದನು. ಕೋಟೆ ಮರಾಠರ ಕೈಸೇರಿತು. ಅದೇ ಕಾಲದಲ್ಲಿ ವೈತರಣಾ ನದಿಯ ಮುಖದಲ್ಲಿರುವ ಅರ್ನಾಳ ದ್ವೀಪವನ್ನೂ ಹಿಡಿದು, ಅಲ್ಲಿ ಅವರು ತಮ್ಮ ಕೋಟೆಯನ್ನು ಕಟ್ಟಿಕೊಂಡರು.

ಠಾಣೆಯನ್ನು ಕಳೆದುಕೊಂಡುದರ ಅರ್ಥ ಪೋರ್ಚುಗೀಸರಿಗೆ ತಿಳಿಯದೆ ಇರಲಿಲ್ಲ. ೧೭೩೮ರ ಕೊನೆಯಲ್ಲಿ ಉತ್ತರ ಪ್ರಾಂತದ ಸೇನಾಧಿಪತಿ ಪೆದ್ರೊ ದೆ ಮೆಲೊ ನೌಕಾದಳದೊಂದಿಗೆ ಖಾಡಿಯನ್ನು ಪ್ರವೇಶಿಸಿ ಠಾಣೆಯ ಮೇಲೆ ಏರಿಬಂದನು. ಈ ಸಿದ್ಧತೆಯ ಸುದ್ದಿಯನ್ನು ಮುಂಬಯಿಯ ಇಂಗ್ಲಿಷರೇ ಮರಾಠರಿಗೆ ಮುಟ್ಟಿಸಿದರೆಂಬ ಆಪಾದನೆ ಇತಿಹಾಸಗ್ರಂಥಗಳಲ್ಲಿ ದಾಖಲಾಗಿದೆ. ಡಿಸೆಂಬರಿನಲ್ಲಿ ನಡೆದ ಈ ಕಾಳಗದಲ್ಲಿ ಪೆದ್ರೊ ದೆ ಮೆಲೊ ಹತನಾದನು. ಪೋರ್ಚುಗೀಸರು ಕಟ್ಟಲಾರಂಭಿಸಿದ ಕೋಟೆ ಪೋರ್ಚುಗೀಸ್ ಸೇನಾಧಿಪತಿಯ ಎದುರು ನಿಂತಿತು. ೧೭೩೯ರ ಮೇ ತಿಂಗಳಲ್ಲಿ ವಸಯಿ ಶರಣಾಯಿತು. ಉತ್ತರ ಪ್ರಾಂತದ ಮುಖ್ಯಭಾಗ ಪೋರ್ಚುಗೀಸರ ಕೈಬಿಟ್ಟಿತು. ಅರ್ಧವಾಗಿದ್ದ ಠಾಣೆ ಕೋಟೆಯನ್ನು ಮರಾಠರು ಪೂರ್ಣಗೊಳಿಸಿದರು.

೬

ಮುಂದಿನ ಮೂವತ್ತೇಳು ವರ್ಷಗಳ ಮರಾಠಾ ಆಡಳಿತದ ಅನಂತರ ಕೋಟೆ ಮತ್ತೊಮ್ಮೆ ಯುದ್ಧವನ್ನು ಕಂಡಿತು. ಪುಣೆಯಲ್ಲಿ ಪೇಶ್ವೆ ಪದವಿಯ ವಿಷಯವಾಗಿ ಕಲಹವೆದ್ದಾಗ ಮುಂಬಯಿಯ ಇಂಗ್ಲಿಷ್ ಸರಕಾರ ಸಾಷ್ಟಿಯನ್ನೂ ವಸಯಿಯನ್ನೂ ಪಡೆಯಲು ರಘುನಾಥರಾಯನೊಂದಿಗೆ ಮಾತುಕತೆ ನಡೆಸಿತು. ಗೋವೆಯಿಂದ ಪೋರ್ಚುಗೀಸರು ತಮ್ಮ ಹಳೆಯ ಪ್ರಾಂತವನ್ನು ಮರಳಿ ಪಡೆಯಲು ಬರುತ್ತಿದ್ದಾರೆಂಬ ಸುದ್ದಿ ಬಂದಾಗ ಗವರ್ನರ್ ವಿಲಿಯಂ ಹಾರ್ನ್‌ಬಿ ತಡಮಾಡಲಿಲ್ಲ. ೧೭೭೪ರ ಡಿಸೆಂಬರಿನಲ್ಲಿ ಜನರಲ್ ರಾಬರ್ಟ್ ಗಾರ್ಡನ್ ಭೂಮಿಯ ಮೇಲಿನ ಪಡೆಯನ್ನೂ ಕಮಡೋರ್ ಜಾನ್ ವಾಟ್ಸನ್ ನೌಕಾದಳವನ್ನೂ ಮುನ್ನಡೆಸಿ ಠಾಣೆಯನ್ನು ಮುತ್ತಿದರು.

ಪೂರ್ಣಗೊಂಡ ಕೋಟೆ ಎಷ್ಟು ಗಟ್ಟಿಯೆಂಬುದು ಈ ಮುತ್ತಿಗೆಯಲ್ಲಿ ಸಾಬೀತಾಯಿತು. ಮುತ್ತಿಗೆಯ ಮೂರನೆಯ ದಿನವೇ ವಾಟ್ಸನ್ ಪ್ರಾಣಾಂತಿಕವಾಗಿ ಗಾಯಗೊಂಡನು. ಡಿಸೆಂಬರ್ ೨೭ರ ಸಂಜೆ ಕಂದಕವನ್ನು ತುಂಬಲು ಮಾಡಿದ ಪ್ರಯತ್ನವನ್ನು ಒಳಗಿನವರು ಹಿಮ್ಮೆಟ್ಟಿಸಿದರು. ಅದರಲ್ಲಿ ಸುಮಾರು ೧೦೦ ಮಂದಿ ಯುರೋಪಿಯನ್ನರು ನಷ್ಟವಾದರೆಂದು ಗ್ರಾಂಟ್ ಡಫ್ ಬರೆಯುತ್ತಾನೆ. ಮರುದಿನ, ೨೮ರಂದು, ಕೋಟೆ ಬಿದ್ದಿತು. ಒಳಗಿದ್ದ ಮರಾಠಾ ಕಾವಲುಪಡೆಯ ಬಹುಭಾಗವನ್ನು ಕತ್ತಿಗೆ ಬಲಿಕೊಡಲಾಯಿತು. ಈ ಸೈನಿಕರ ಹೆಸರುಗಳು ಇಂಗ್ಲಿಷ್ ವೃತ್ತಾಂತಗಳಲ್ಲಿ ಬರುವುದಿಲ್ಲ. ವಾಟ್ಸನ್ನನ ಹೆಸರು ಮಾತ್ರ ಎಲ್ಲೆಡೆ ಬರುತ್ತದೆ. ೧೭೭೫ರ ಸೂರತ್ ಒಪ್ಪಂದ, ೧೭೭೬ರ ಪುರಂದರ ಒಪ್ಪಂದಗಳ ಏರಿಳಿತಗಳನ್ನು ದಾಟಿ, ೧೭೮೨ರ ಸಾಲಬಾಯಿ ಸಂಧಿಯಿಂದ ಸಾಷ್ಟಿ ಇಂಗ್ಲಿಷರಲ್ಲಿ ಖಾಯಂ ಆಗಿ ಉಳಿಯಿತು.

ಇದೇ ಮೊದಲ ಆಂಗ್ಲ-ಮರಾಠಾ ಯುದ್ಧದ ಅವಧಿಯಲ್ಲಿ ಮೈಸೂರಿನ ಹೈದರಾಲಿಯು ೧೭೮೦ರಲ್ಲಿ ಇಂಗ್ಲಿಷರ ವಿರುದ್ಧ ಎರಡನೆಯ ಮೈಸೂರು ಯುದ್ಧವನ್ನು ಆರಂಭಿಸಿದನು. ಸಾಲಬಾಯಿಯ ಸಂಧಿಯಿಂದ ಮರಾಠರು ಯುದ್ಧದಿಂದ ಹಿಂದೆ ಸರಿದುದು ಮೈಸೂರನ್ನು ಒಂಟಿಯಾಗಿಸಿತೆಂಬುದು ಕನ್ನಡನಾಡಿನ ಚರಿತ್ರೆಯ ಪ್ರಸಿದ್ಧ ಘಟ್ಟ. ಆ ಸಂಧಿಯಲ್ಲಿ ಇಂಗ್ಲಿಷರು ಬಿಟ್ಟುಕೊಡದೆ ಉಳಿಸಿಕೊಂಡ ನೆಲವೇ ಸಾಷ್ಟಿ.

೭

ಸಾಷ್ಟಿಯ ಎರಡೂ ದಡಗಳು ಒಂದೇ ಅಧಿಕಾರಕ್ಕೆ ಸೇರುತ್ತ ಬಂದಂತೆ ಕೋಟೆಯ ರಕ್ಷಣಾಕಾರ್ಯ ಕುಂದಿತು. ಅದು ಸೆರೆಯಿಡುವ ಸ್ಥಳವಾಯಿತು. ಬಾಜೀರಾಯ ಎರಡನೆಯವನ ಆಪ್ತನಾದ ತ್ರಿಂಬಕಜಿ ಡೆಂಗಳೆಯನ್ನು, ೧೮೧೫ರಲ್ಲಿ ಪಂಢರಪುರದಲ್ಲಿ ನಡೆದ ಗಂಗಾಧರ ಶಾಸ್ತ್ರಿಯ ಕೊಲೆಯ ಸಂಬಂಧವಾಗಿ, ಇಂಗ್ಲಿಷರು ಠಾಣೆಯ ಕೋಟೆಯಲ್ಲಿರಿಸಿದರು. ಸ್ಥಳೀಯರು ಒಳಸಂಚಿಗೆ ಸೇರಬಾರದೆಂದು ಕಾವಲಿಗೆ ಯುರೋಪಿಯನ್ ಸೈನಿಕರನ್ನೇ ನೇಮಿಸಲಾಗಿತ್ತು. ಆದರೂ ೧೮೧೬ರ ಸೆಪ್ಟೆಂಬರಿನಲ್ಲಿ ಅವನು ತಪ್ಪಿಸಿಕೊಂಡನು. ಕುದುರೆ ಮಾಲೀಸು ಮಾಡುವ ಆಳೊಬ್ಬನು ಸೆರೆಯ ಕಿಟಕಿಯ ಕೆಳಗೆ ತನ್ನ ಕೆಲಸ ಮಾಡುತ್ತ ಮರಾಠಿ ಹಾಡು ಹೇಳುತ್ತಿದ್ದನೆಂದೂ ಪಲಾಯನದ ಸೂಚನೆಗಳೆಲ್ಲ ಆ ಹಾಡಿನಲ್ಲಿದ್ದುವೆಂದೂ ಬಿಷಪ್ ಹೀಬರ್ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ. ಕಾವಲುಗಾರರಿಗೆ ಮರಾಠಿ ಬಾರದು. ಯಾವುದನ್ನು ಭದ್ರತೆಯೆಂದು ಎಣಿಸಿದ್ದರೋ ಅದೇ ದಾರಿಯಾಯಿತು. ಕಥೆಯಲ್ಲಿ ಜನಪದ ಕಲ್ಪನೆಯ ಅಂಶವಿರಬಹುದು; ಪಲಾಯನವಂತೂ ನಿಶ್ಚಿತವಾದ ಚಾರಿತ್ರಿಕ ಸಂಗತಿ. ಇಂಗ್ಲಿಷರಿಗೂ ಪೇಶ್ವೆಗೂ ನಡುವಿನ ಕೊನೆಯ ವಿರಸಕ್ಕೆ ಅದು ಒಂದು ಕಾರಣವಾಯಿತು.

ಹತ್ತೊಂಬತ್ತನೆಯ ಶತಮಾನದಲ್ಲಿ ಕೋಟೆ ಪೂರ್ಣವಾಗಿ ಕಾರಾಗೃಹವಾಯಿತು. ಸಹ್ಯಾದ್ರಿಯ ಕೋಳಿ ಬುಡಕಟ್ಟಿನ ಬಂಡಾಯದ ನಾಯಕ ರಾಘೋಜಿ ಭಾಂಗರೆಯನ್ನು ೧೮೪೮ರಲ್ಲಿ ಇಲ್ಲಿ ಗಲ್ಲಿಗೇರಿಸಲಾಯಿತು. ನಾಸಿಕದ ಕಲೆಕ್ಟರ್ ಜ್ಯಾಕ್ಸನ್ನನ ಹತ್ಯೆಗಾಗಿ ಅನಂತ ಕಾನ್ಹೇರೆ, ಕೃಷ್ಣಾಜಿ ಕರ್ವೆ, ವಿನಾಯಕ ದೇಶಪಾಂಡೆ ಇವರನ್ನು ೧೯೧೦ರ ಏಪ್ರಿಲ್ ೧೯ರಂದು ಇದೇ ಕಾರಾಗೃಹದಲ್ಲಿ ಗಲ್ಲಿಗೇರಿಸಿದರು. ಕಾನ್ಹೇರೆಗೆ ಆಗ ೧೮ ವರ್ಷ.

ಇತ್ತ ದ್ವೀಪದ ದ್ವೀಪತ್ವವೂ ಅಳಿಯುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಶೀವದ ಬಳಿಯ ಒಡ್ಡುದಾರಿಯು ಮುಂಬಯಿಯನ್ನು ಸಾಷ್ಟಿಗೆ ಜೋಡಿಸಿತು. ೧೮೫೩ರ ಏಪ್ರಿಲ್ ೧೬ರಂದು ಮುಂಬಯಿಯ ಬೋರಿಬಂದರಿನಿಂದ ಹೊರಟ ಭಾರತದ ಮೊದಲ ಪ್ರಯಾಣಿಕರ ರೈಲು ಬಂದು ನಿಂತುದು ಠಾಣೆಯಲ್ಲಿ. ಮರುವರ್ಷವೇ ಹಳಿ ಖಾಡಿಯನ್ನು ದಾಟಿ ಕಲ್ಯಾಣವನ್ನು ಮುಟ್ಟಿತು. ಯಾವ ನೀರನ್ನು ದಾಟದಂತೆ ತಡೆಯಲು ಕೋಟೆಯನ್ನು ಕಟ್ಟಿದ್ದರೋ ಆ ನೀರನ್ನು ಇಂದು ಡೊಂಬಿವಲಿ, ಕಲ್ಯಾಣಗಳ ಜನ ದಿನಕ್ಕೆರಡು ಬಾರಿ ರೈಲಿನಲ್ಲಿ ದಾಟುತ್ತಾರೆ. ಅವರಲ್ಲಿ ಕನ್ನಡ ಮಾತನಾಡುವ ಸಂಸಾರಗಳೂ ಬಹಳ. ಠಾಣೆ ಖಾಡಿಯ ಒಂದು ಭಾಗವನ್ನು ೨೦೧೫ರಲ್ಲಿ ಫ್ಲೆಮಿಂಗೊ ಪಕ್ಷಿಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ೨೦೨೨ರಲ್ಲಿ ಅದಕ್ಕೆ ರಾಮ್‌ಸರ್ ಮನ್ನಣೆ ಸಂದಿತು. ನೀರಿನ ಪಕ್ಷಿಗಳಿಗೆ ದೊರೆತ ರಕ್ಷಣೆಯನ್ನು ದಡದ ಚರಿತ್ರೆ ಇನ್ನೂ ಪಡೆಯಬೇಕಾಗಿದೆ.

೮

ಕನ್ನಡ ಕರಾವಳಿಯ ದ್ವೀಪದುರ್ಗಗಳೊಂದಿಗೆ ಠಾಣೆಯನ್ನು ಹೋಲಿಸಿದರೆ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಹೊನ್ನಾವರದ ಎದುರಿನ ಬಸವರಾಜದುರ್ಗ, ಮಲ್ಪೆಯ ಎದುರಿನ ದರಿಯಾ ಬಹಾದೂರ್‌ಗಡ ಇವೆರಡೂ ಕೆಳದಿಯ ನಾಯಕರ ಕಾಲಕ್ಕೆ ಸಂಬಂಧಿಸಿದವು. ಅಂಜದೀವಿಯಲ್ಲಿ ಪೋರ್ಚುಗೀಸರು ೧೫೦೫ರಲ್ಲಿಯೇ ಕೋಟೆ ಕಟ್ಟಿ, ಮರುವರ್ಷ ಕೆಡವಿ, ೧೬೮೨ರಲ್ಲಿ ಮತ್ತೆ ಕಟ್ಟಿದರು. ಈ ಮೂರು ಸ್ಥಳಗಳಲ್ಲಿ ಸುತ್ತಲಿನ ಸಮುದ್ರವೇ ಮೊದಲ ಗೋಡೆ; ಮನುಷ್ಯರು ಕಟ್ಟಿದ ಗೋಡೆ ಎರಡನೆಯದು. ಜನವಸತಿ ಇಲ್ಲದ ಅಥವಾ ವಿರಳವಾದ ದ್ವೀಪಗಳಾದುದರಿಂದ ಅವುಗಳ ಅವಶೇಷಗಳನ್ನು ಗಿಡಗಂಟಿ, ಮಳೆ, ಉಪ್ಪುಗಾಳಿಗಳು ಕೆಡಿಸಿವೆಯೇ ಹೊರತು ಹೊಸ ಕಟ್ಟಡಗಳು ಕೆಡಿಸಿಲ್ಲ.

ಠಾಣೆಯ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಇದು ಜನನಿಬಿಡವಾದ ದೊಡ್ಡ ದ್ವೀಪದ ಬಾಗಿಲಿನ ಕೋಟೆ. ಕಾರಾಗೃಹವಾಗದೆ ಇದ್ದಿದ್ದರೆ ಬೆಳೆಯುವ ನಗರವು ಇದರ ಕಲ್ಲುಗಳನ್ನು ಬಹಳ ಹಿಂದೆಯೇ ಬೇರೆ ಗೋಡೆಗಳಿಗೆ ಕೊಂಡೊಯ್ಯುತ್ತಿತ್ತೆಂದು ಊಹಿಸಬಹುದು. ಮುಂಬಯಿ ನಗರದ ಕೋಟೆಯ ಗೋಡೆಗಳನ್ನು ೧೮೬೦ರ ದಶಕದಲ್ಲಿ ಕೆಡವಿದುದು ಇದಕ್ಕೆ ಸಮೀಪದ ನಿದರ್ಶನ. ಸೆರೆಮನೆ ಕೋಟೆಯನ್ನು ಉಳಿಸಿತು. ಅದೇ ಸೆರೆಮನೆ ಅದನ್ನು ಅಧ್ಯಯನದಿಂದ ದೂರವಿಟ್ಟಿತು. ನಾವು ಹೊರಗಿನಿಂದ ನೋಡಲು ಸಾಧ್ಯವಾದುದು ದಪ್ಪನೆಯ ಕಲ್ಲಿನ ಗೋಡೆ ಮತ್ತು ಹೊರಚಾಚಿದ ಕೊತ್ತಳಗಳ ಓರೆಯಾದ ಬದಿಗಳು. ಯಾವ ಭಾಗ ಪೋರ್ಚುಗೀಸರದು, ಯಾವುದು ಮರಾಠರು ಪೂರ್ಣಗೊಳಿಸಿದುದು, ಯಾವುದು ೧೭೭೪ರ ಮುತ್ತಿಗೆಯ ಮೇಲೆ ದುರಸ್ತಿಯಾದುದು ಎಂಬುದನ್ನು ರಸ್ತೆಯಲ್ಲಿ ನಿಂತು ನಿರ್ಣಯಿಸಲು ಆಗದು.

೯

ಈ ನಿರೂಪಣೆಯಿಂದ ನಾವು ತಲುಪುವ ನಿಲುವನ್ನು ಹೀಗೆ ಸಂಗ್ರಹಿಸಬಹುದು. ಠಾಣೆಯ ಕೋಟೆ ತನ್ನನ್ನು ಕಟ್ಟಿದ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಪೋರ್ಚುಗೀಸರ ಆರಂಭ ಮರಾಠರ ಪಾಲಾಯಿತು. ಮರಾಠರು ಪೂರ್ಣಗೊಳಿಸಿದ ಗೋಡೆಯೊಳಗೆ ಇಂಗ್ಲಿಷರು ಪೇಶ್ವೆಯ ಆಪ್ತನನ್ನು ಸೆರೆಯಿಟ್ಟರು. ದ್ವೀಪದ ಜನರ ವಿಶ್ವಾಸವನ್ನು ಗಳಿಸದ ಅಧಿಕಾರಕ್ಕೆ ಖಾಡಿಯೂ ಗೋಡೆಯೂ ಕಾವಲಾಗಲಿಲ್ಲವೆಂಬುದೇ ೧೭೩೭ರ ಘಟನೆಯ ತಿರುಳು. ಚಟ್ಟಯ್ಯನನ್ನು ಎದುರುಗೊಂಡು ಮಗಳನ್ನು ಕೊಟ್ಟ ಮುಮ್ಮುಣಿಯ ರಾಜನೀತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ, ಒಂದೇ ನೀರನ್ನು ಎರಡು ಕಾಲಗಳು ಎಷ್ಟು ಬೇರೆಯಾಗಿ ಕಂಡವೆಂಬುದು ತಿಳಿಯುತ್ತದೆ. ಮುಮ್ಮುಣಿಯ ನಡೆ ಕೇವಲ ಸ್ನೇಹವಲ್ಲ, ಬಲಶಾಲಿಯಾದ ನೌಕಾದಳದ ಎದುರು ಮಾಡಿಕೊಂಡ ಹೊಂದಾಣಿಕೆಯೂ ಹೌದೆಂಬುದನ್ನು ನಾವು ಮರೆಯಬಾರದು. ಶಾಸನವು ಕದಂಬರ ಪ್ರಶಸ್ತಿ. ಠಾಣೆಯವರು ಅದನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದರೇನೋ.

ಕಾರಾಗೃಹವನ್ನು ಬೇರೆಡೆಗೆ ಸಾಗಿಸಿ ಕೋಟೆಯನ್ನು ಜನರಿಗೆ ತೆರೆಯಬೇಕೆಂಬ ಬೇಡಿಕೆ ಠಾಣೆಯಲ್ಲಿ ಆಗಾಗ ಕೇಳಿಬಂದಿದೆ. ಅದು ಎಂದಾದರೂ ಕೈಗೂಡಿದರೆ, ಯಾವ ಕಾಲವನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬ ಪ್ರಶ್ನೆ ಏಳುವುದು ಖಂಡಿತ. ೧೭೩೯ರ ವಿಜಯದ ಕೋಟೆಯನ್ನು ಮಾತ್ರ ಕಾಣಬಯಸುವವರು ಸೆರೆಮನೆಯ ಕೋಣೆಗಳನ್ನು ಕಸವೆಂದು ಎಣಿಸಬಹುದು; ೧೯೧೦ರ ಹುತಾತ್ಮರನ್ನು ನೆನೆಯುವವರಿಗೆ ಆ ಕೋಣೆಗಳೇ ಪವಿತ್ರವಾಗಬಹುದು. ಇವೆರಡರ ನಡುವೆ ಇನ್ನೂ ಕೆಳಗಿನ ಪದರ ಮರೆತುಹೋಗುವ ಭಯ ನಮ್ಮದು. ೧೭೮೭ರಲ್ಲಿ ಒಂದು ಗುದ್ದಲಿಯ ಏಟಿಗೆ ೧೦೧೭ರ ತಾಮ್ರಪಟಗಳು ಸಿಕ್ಕಿದ ನೆಲವದು. ಅಲ್ಲಿ ಮುಂದೆ ನಡೆಯುವ ಯಾವ ಕೆಲಸಕ್ಕಾದರೂ ಮೊದಲು ಪುರಾತತ್ತ್ವದ ಸಮೀಕ್ಷೆ, ಗೋಡೆಗಳ ಅಳತೆ, ಪ್ರತಿಯೊಂದು ಕಟ್ಟಡದ ನಕ್ಷೆ ಆಗಬೇಕು.

ಕರ್ನಾಟಕದ ಹೊರಗಿರುವ ಕನ್ನಡ ಸಂಶೋಧಕರಿಗೆ ಇದರಲ್ಲಿ ವಿಶೇಷವಾದ ಹೊಣೆಯಿದೆ. ಠಾಣೆಯ ಸ್ಥಳೀಯ ಚರಿತ್ರೆಯನ್ನು ಬರೆಯುವವರು ಮರಾಠಿ ಬಖರುಗಳನ್ನೂ ಪೋರ್ಚುಗೀಸ್, ಇಂಗ್ಲಿಷ್ ದಾಖಲೆಗಳನ್ನೂ ಬಳಸುತ್ತಾರೆ. ನರೇಂದ್ರದ ಕನ್ನಡ ಶಾಸನಗಳನ್ನು ಮೂಲದಲ್ಲಿ ಓದಬಲ್ಲವರು ಅಲ್ಲಿ ವಿರಳ. ಕದಂಬರ ಚರಿತ್ರೆಯನ್ನು ಬರೆಯುವ ನಾವು ಧಾರವಾಡದ ಶಿಲೆಯನ್ನು ಓದುತ್ತೇವೆ; ಠಾಣೆಯ ಖಾಡಿಯನ್ನು ಕಂಡವರು ನಮ್ಮಲ್ಲಿ ಕಡಿಮೆ. ಈ ಎರಡು ಓದುಗಳನ್ನು ಕೂಡಿಸುವ ಅನುಕೂಲ ಎರಡೂ ಭಾಷೆಗಳ ನಡುವೆ ಬದುಕುವ ಹೊರನಾಡ ಕನ್ನಡಿಗರಿಗಿದೆ. ನರೇಂದ್ರ ಶಾಸನದ ಠಾಣೆಯ ಭಾಗವನ್ನು ಅರ್ಥಸಹಿತವಾಗಿ ಮರಾಠಿಗೂ, ಸಾಷ್ಟಿಯ ಬಖರನ್ನು ಟಿಪ್ಪಣಿಗಳೊಂದಿಗೆ ಕನ್ನಡಕ್ಕೂ ತರುವುದು ಮೊದಲ ಹೆಜ್ಜೆಯಾಗಬಹುದು. ಕೋಟೆಯ ಬಾಗಿಲು ತೆರೆಯುವವರೆಗೆ ಈ ಕೆಲಸ ಕಾಯಬೇಕಾಗಿಲ್ಲ.